ಪಾರ್ಕಿನ್ಸನ್ ಕಾಯಿಲೆಯ ಬಗ್ಗೆ ಹಣ್ಣುನೊಣದಿಂದ ನಿಜಕ್ಕೂ ಏನು ತಿಳಿದುಬಂದಿದೆ?

ಪ್ರಶ್ನೆ: ಪ್ರಾಣಿಶಾಸ್ತ್ರ ಉಪನ್ಯಾಸಕ, ಶಿವಮೊಗ್ಗ

ನಾನು ಪದವಿ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ನಮ್ಮ ಪಾಠದಲ್ಲಿ ಹಣ್ಣುನೊಣವೆಂದರೆ ಥಾಮಸ್ ಹಂಟ್ ಮಾರ್ಗನ್, 1910ರಲ್ಲಿ ಅವರ ಪ್ರಯೋಗಾಲಯದ ಸೀಸೆಯೊಂದರಲ್ಲಿ ಕಾಣಿಸಿಕೊಂಡ ಬಿಳಿಗಣ್ಣಿನ ಗಂಡು ನೊಣ, ಲಿಂಗಸಂಬಂಧಿ ಆನುವಂಶಿಕತೆ, ಇಷ್ಟೇ. ಈಗ ಅಂತಿಮ ವರ್ಷದ ವಿದ್ಯಾರ್ಥಿಗಳು ಪಾರ್ಕಿನ್ಸನ್ ಕಾಯಿಲೆ ಮತ್ತು ಮುಪ್ಪಿನ ಅಧ್ಯಯನದಲ್ಲಿ ನೊಣದ ಬಳಕೆ ಎಂಬ ವಿಷಯವನ್ನು ವಿಚಾರಗೋಷ್ಠಿಗೆ ಆರಿಸಿಕೊಂಡಿದ್ದಾರೆ. ನಮ್ಮ ಮನೆಯಲ್ಲಿಯೂ ಸೋದರಮಾವನಿಗೆ ಕೆಲವು ವರ್ಷಗಳಿಂದ ಇದೇ ಕಾಯಿಲೆ ಇರುವುದರಿಂದ ನನ್ನ ಆಸಕ್ತಿ ಪಾಠಕ್ಕಷ್ಟೇ ಸೀಮಿತವಾದುದಲ್ಲ.

ನನಗಿರುವ ಸಂದೇಹಗಳು ಇವು. ನೊಣಕ್ಕೆ ಸಹಜವಾಗಿ ಪಾರ್ಕಿನ್ಸನ್ ಬರುವುದಿಲ್ಲ, ಮನುಷ್ಯರಲ್ಲಿ ಹಾನಿಗೊಳ್ಳುವ ನಡುಮಿದುಳಿನ ಸಬ್‌ಸ್ಟಾನ್ಷಿಯಾ ನೈಗ್ರಾ ಎಂಬ ಭಾಗವೂ ಅದಕ್ಕಿಲ್ಲ. ಹಾಗಿರುವಾಗ ಅದರಿಂದ ಕಲಿಯುವುದಾದರೂ ಏನು? ಎರಡು ಮೂರು ತಿಂಗಳು ಮಾತ್ರ ಬದುಕುವ ಜೀವಿಯಿಂದ ಅರವತ್ತು ದಾಟಿದವರ ಕಾಯಿಲೆಯನ್ನು ಅರಿಯುವುದು ಸಾಧ್ಯವೇ? ಅರಿಶಿನದ ಕರ್ಕ್ಯುಮಿನ್ ಪಾರ್ಕಿನ್ಸನ್ ನೊಣಗಳಿಗೆ ಒಳ್ಳೆಯದು ಮಾಡಿತೆಂದು ಓದಿ ಮನೆಯವರು ಅದನ್ನು ಮಾವನಿಗೆ ಹೆಚ್ಚಾಗಿ ಕೊಡಲಾರಂಭಿಸಿದ್ದಾರೆ, ಇದಕ್ಕೆ ಆಧಾರವೆಷ್ಟು? ಬಲ್ಲವರು ವಿವರವಾಗಿ ಬರೆದರೆ ಉಪಕಾರವಾಗುತ್ತದೆ.

ಉತ್ತರ: ನೊಣಗಳ ತಳಿವಿಜ್ಞಾನದಲ್ಲಿ ಸಂಶೋಧಕಿ, ಬೆಂಗಳೂರು

ನಿಮ್ಮ ಮೊದಲ ಸಂದೇಹ ನ್ಯಾಯವಾದುದು. ನೊಣದ ಮಿದುಳು ಮನುಷ್ಯನ ಮಿದುಳಿನ ಕಿರಿಯ ಪ್ರತಿಯಲ್ಲ. ಅದರಲ್ಲಿರುವುದು ಸುಮಾರು 1,40,000 ನರಕೋಶಗಳು. ಅವುಗಳ ನಡುವಿನ ಜೋಡಣೆಯ ಪೂರ್ಣ ನಕ್ಷೆ 2024ರಲ್ಲಿ ಪ್ರಕಟವಾಯಿತು. ಆದರೆ ಆ ಪುಟ್ಟ ಮಿದುಳಿನಲ್ಲಿಯೂ ಡೋಪಮೈನ್ ಎಂಬ ಸಂಕೇತವಾಹಕ ರಾಸಾಯನಿಕವನ್ನು ತಯಾರಿಸುವ ನರಕೋಶಗಳ ಗುಂಪುಗಳಿವೆ (ಪಾರ್ಕಿನ್ಸನ್‌ನಲ್ಲಿ ನಾಶವಾಗುವುದು ಇಂತಹ ನರಕೋಶಗಳೇ), ಅವು ಚಲನೆ, ನಿದ್ರೆ ಮತ್ತು ಕಲಿಕೆಯಲ್ಲಿ ಪಾಲ್ಗೊಳ್ಳುತ್ತವೆ, ಡೋಪಮೈನ್ ತಯಾರಿಗೆ ಬೇಕಾದ ಕಿಣ್ವವೂ ನಮ್ಮಲ್ಲಿರುವುದೇ ಆಗಿದೆ. ಮನುಷ್ಯರಲ್ಲಿ ರೋಗಕ್ಕೆ ಕಾರಣವೆಂದು ತಿಳಿದಿರುವ ಜೀನ್‌ಗಳಲ್ಲಿ ಸುಮಾರು ಮುಕ್ಕಾಲು ಪಾಲಿಗೆ ನೊಣದಲ್ಲಿ ಸಂವಾದಿ ಜೀನ್‌ಗಳಿವೆ. ಆದ್ದರಿಂದ ನಾವು ನೊಣವನ್ನು ರೋಗಿಯೆಂದು ಭಾವಿಸುವುದಿಲ್ಲ. ರೋಗದಲ್ಲಿ ಕೆಡುವ ಜೀವಕೋಶದ ಒಳವ್ಯವಸ್ಥೆಯನ್ನು ಪರೀಕ್ಷಿಸಲು ಅದನ್ನು ಬಳಸುತ್ತೇವೆ.

ಇದು ಆರಂಭವಾದದ್ದು ಹೀಗೆ. 1997ರಲ್ಲಿ ಇಟಲಿ ಮತ್ತು ಗ್ರೀಸ್ ಮೂಲದ ಕುಟುಂಬಗಳಲ್ಲಿ ಆಲ್ಫಾ ಸೈನ್ಯೂಕ್ಲಿನ್ ಎಂಬ ಪ್ರೋಟೀನಿನ ಜೀನ್ ರೂಪಾಂತರಗೊಂಡಿರುವುದು ಪತ್ತೆಯಾಯಿತು. ರೋಗಿಗಳ ನರಕೋಶಗಳಲ್ಲಿ ಗಂಟುಕಟ್ಟುವ ಲೆವಿ ಕಾಯಗಳ ಮುಖ್ಯ ಘಟಕ ಇದೇ ಪ್ರೋಟೀನ್ ಎಂಬುದೂ ಆ ವರ್ಷವೇ ತಿಳಿಯಿತು. ಈ ಜೀನ್ ನೊಣದಲ್ಲಿ ಇಲ್ಲವೇ ಇಲ್ಲ. 2000ದಲ್ಲಿ ಮೆಲ್ ಫೀನಿ ಮತ್ತು ವೆಲ್ಕಮ್ ಬೆಂಡರ್ ಹಾರ್ವರ್ಡಿನಲ್ಲಿ ಮನುಷ್ಯನ ಆ ಜೀನನ್ನೇ ನೊಣದ ನರಕೋಶಗಳಲ್ಲಿ ಕೆಲಸ ಮಾಡುವಂತೆ ಮಾಡಿದರು. ಇದಕ್ಕೆ ಅವರು ಬಳಸಿದ ಉಪಾಯವು ಆಂಡ್ರಿಯಾ ಬ್ರಾಂಡ್ ಮತ್ತು ನಾರ್ಬರ್ಟ್ ಪೆರಿಮನ್ 1993ರಲ್ಲಿ ರೂಪಿಸಿದ್ದು: ಯೀಸ್ಟ್‌ನಿಂದ ತಂದ ಗ್ಯಾಲ್4 ಎಂಬ ಸ್ವಿಚ್ ಒಂದು ನೊಣದಲ್ಲಿ ಇರುತ್ತದೆ, ಆ ಸ್ವಿಚ್‌ಗೆ ಸ್ಪಂದಿಸುವ ಜೀನ್ ಮತ್ತೊಂದು ನೊಣದಲ್ಲಿ ಇರುತ್ತದೆ, ಇವೆರಡನ್ನೂ ಸಂಕರಿಸಿದಾಗ ಹುಟ್ಟುವ ಮರಿಗಳಲ್ಲಿ ಮಾತ್ರ, ನಾವು ಬಯಸಿದ ಜೀವಕೋಶಗಳಲ್ಲಿ ಮಾತ್ರ ಆ ಜೀನ್ ಕೆಲಸ ಮಾಡುತ್ತದೆ. ಪ್ಯೂಪಾ ಗೂಡಿನಿಂದ ಹೊಸದಾಗಿ ಹೊರಬಂದ ನೊಣಗಳಲ್ಲಿ ಡೋಪಮೈನ್ ನರಕೋಶಗಳು ಸರಿಯಾಗಿಯೇ ಇದ್ದವು; ವಯಸ್ಸಾದಂತೆ ಕೆಲವು ಗುಂಪುಗಳಲ್ಲಿ ಅವು ಕಾಣೆಯಾದವು, ಲೆವಿ ಕಾಯಗಳನ್ನು ಹೋಲುವ ಗಂಟುಗಳು ಕಾಣಿಸಿಕೊಂಡವು, ಸೀಸೆಯ ಗೋಡೆ ಹತ್ತುವ ಶಕ್ತಿ ಸಾಮಾನ್ಯ ನೊಣಗಳಿಗಿಂತ ಬೇಗ ಕುಂದಿತು. ಎರಡು ವರ್ಷಗಳ ನಂತರ ನ್ಯಾನ್ಸಿ ಬೊನಿನಿಯವರ ತಂಡ, ಪ್ರೋಟೀನ್‌ಗಳು ಸರಿಯಾಗಿ ಮಡಚಿಕೊಳ್ಳಲು ನೆರವಾಗುವ ಎಚ್‌ಎಸ್‌ಪಿ70 ಅನ್ನು ಹೆಚ್ಚಿಸಿದರೆ ಆ ನರಕೋಶಗಳು ಉಳಿಯುತ್ತವೆ ಎಂದು ತೋರಿಸಿತು.

ಆದರೆ ನನ್ನ ಅಭಿಪ್ರಾಯದಲ್ಲಿ ನೊಣದ ನಿಜವಾದ ಕೊಡುಗೆ ಇದಲ್ಲ, ಪಿಂಕ್1 ಮತ್ತು ಪಾರ್ಕಿನ್ ಎಂಬ ಎರಡು ಜೀನ್‌ಗಳ ಕಥೆ. ನಿಮ್ಮ ವಿದ್ಯಾರ್ಥಿಗಳು ಇದಕ್ಕೆ ಹೆಚ್ಚಿನ ಸಮಯ ಕೊಡಬೇಕೆಂದು ಒತ್ತಾಯಪೂರ್ವಕವಾಗಿ ಹೇಳುತ್ತೇನೆ. ಚಿಕ್ಕ ವಯಸ್ಸಿನಲ್ಲಿಯೇ ಕಾಯಿಲೆ ಕಾಣಿಸಿಕೊಂಡ ಜಪಾನಿನ ಕುಟುಂಬಗಳಲ್ಲಿ 1998ರಲ್ಲಿ ಪಾರ್ಕಿನ್ ಜೀನಿನ ದೋಷ ತಿಳಿಯಿತು, 2004ರಲ್ಲಿ ಪಿಂಕ್1 ತಿಳಿಯಿತು. ಎರಡೂ ಒಂದೇ ಬಗೆಯ ಕಾಯಿಲೆ ತರುತ್ತವೆ ಎಂಬುದು ಗೊತ್ತಿತ್ತೇ ಹೊರತು, ಅವೆರಡಕ್ಕೂ ಸಂಬಂಧವಿದೆಯೇ ಎಂಬುದು ಗೊತ್ತಿರಲಿಲ್ಲ. ಇವೆರಡೂ ನೊಣದಲ್ಲಿ ಸಹಜವಾಗಿಯೇ ಇವೆ. ಪಾರ್ಕಿನ್ ಇಲ್ಲದ ನೊಣವನ್ನು ಲಿಯೋ ಪಲಾಂಕ್ ಅವರ ತಂಡ 2003ರಲ್ಲಿ ವರ್ಣಿಸಿತು: ಗಂಡುಗಳು ಬಂಜೆ, ಹಾರುವ ಸ್ನಾಯುಗಳು ಶಿಥಿಲ, ಆಯುಸ್ಸು ಕಡಿಮೆ, ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಗಳು ಸ್ನಾಯುವಿನಲ್ಲಿ ಊದಿಕೊಂಡು ಒಳರಚನೆ ಕಳೆದುಕೊಂಡವು. 2006ರಲ್ಲಿ ಅಮೆರಿಕ ಮತ್ತು ದಕ್ಷಿಣ ಕೊರಿಯಾದ ಮೂರು ತಂಡಗಳು ಪಿಂಕ್1 ಇಲ್ಲದ ನೊಣವನ್ನು ಪ್ರತ್ಯೇಕವಾಗಿ ತಯಾರಿಸಿದಾಗ ಅದರಲ್ಲಿಯೂ ಬಹುತೇಕ ಅವೇ ಲಕ್ಷಣಗಳು ಕಂಡವು. ಎರಡೂ ಜೀನ್‌ಗಳನ್ನು ಒಟ್ಟಿಗೆ ತೆಗೆದರೂ ಸ್ಥಿತಿ ಇನ್ನಷ್ಟು ಕೆಡಲಿಲ್ಲ; ಅಂದರೆ ಅವು ಬೇರೆ ಬೇರೆ ಹಾದಿಗಳಲ್ಲ. ಮುಂದಿನ ಪ್ರಯೋಗ ಇನ್ನೂ ಸೊಗಸಾದುದು. ಪಿಂಕ್1 ಇಲ್ಲದ ನೊಣಕ್ಕೆ ಹೆಚ್ಚುವರಿ ಪಾರ್ಕಿನ್ ಕೊಟ್ಟಾಗ ಸ್ನಾಯು ಸುಧಾರಿಸಿತು, ಪಾರ್ಕಿನ್ ಇಲ್ಲದ ನೊಣಕ್ಕೆ ಪಿಂಕ್1 ಎಷ್ಟು ಕೊಟ್ಟರೂ ಸುಧಾರಿಸಲಿಲ್ಲ. ಕಾಲುವೆಯ ಮೇಲಿನ ತೂಬು ಮುಚ್ಚಿದ್ದರೂ ಕೆಳಗಿನ ತೂಬಿಗೆ ಬೇರೆ ಕಡೆಯಿಂದ ನೀರು ಹಾಯಿಸಿದರೆ ಗದ್ದೆ ನೆನೆಯುತ್ತದೆ, ಕೆಳಗಿನದೇ ಮುಚ್ಚಿದ್ದರೆ ಮೇಲೆ ಎಷ್ಟು ನೀರು ಬಿಟ್ಟರೂ ಗದ್ದೆ ಒಣಗಿಯೇ ಇರುತ್ತದೆ. ಹೀಗೆ ಪಿಂಕ್1 ಮೇಲೆ, ಪಾರ್ಕಿನ್ ಕೆಳಗೆ ಎಂಬ ಅನುಕ್ರಮ ಯಾವುದೇ ರಾಸಾಯನಿಕ ವಿಶ್ಲೇಷಣೆಗೂ ಮೊದಲು ಬರಿಯ ಸಂಕರಣದಿಂದ ನಿಶ್ಚಯವಾಯಿತು.

ಸಸ್ತನಿಗಳ ಜೀವಕೋಶಗಳಲ್ಲಿ ಹಾನಿಗೊಂಡ ಮೈಟೊಕಾಂಡ್ರಿಯಗಳ ಮೇಲೆ ಪಾರ್ಕಿನ್ ಬಂದು ಸೇರುತ್ತದೆ, ಆಮೇಲೆ ಜೀವಕೋಶ ಅವುಗಳನ್ನು ಕಬಳಿಸಿ ವಿಲೇವಾರಿ ಮಾಡುತ್ತದೆ ಎಂದು ರಿಚರ್ಡ್ ಯೂಲ್ ಅವರ ತಂಡ 2008ರಲ್ಲಿ ತೋರಿಸಿತು. ಪಾರ್ಕಿನ್ ಅನ್ನು ಅಲ್ಲಿಗೆ ಕರೆಸುವುದು ಪಿಂಕ್1 ಎಂಬುದೂ ನಂತರ ಖಚಿತವಾಯಿತು. ನೊಣದಲ್ಲಿ ಕಂಡ ಅನುಕ್ರಮವೇ ಅಲ್ಲಿಯೂ ಕಂಡಿತು. ಗಮನಿಸಬೇಕಾದ ಸಂಗತಿಯೆಂದರೆ, ಇದೇ ಜೀನ್‌ಗಳನ್ನು ತೆಗೆದ ಇಲಿಗಳಲ್ಲಿ ಡೋಪಮೈನ್ ನರಕೋಶಗಳ ನಾಶ ಬಹುಮಟ್ಟಿಗೆ ಕಾಣಲೇ ಇಲ್ಲ. ಮನುಷ್ಯನಿಗೆ ಇಲಿಯೇ ಹತ್ತಿರವಾದರೂ ಈ ಪ್ರಶ್ನೆಗೆ ಸ್ಪಷ್ಟ ಉತ್ತರ ಕೊಟ್ಟದ್ದು ನೊಣ.

ಉತ್ತರ: ಮುಪ್ಪಿನ ಜೀವವಿಜ್ಞಾನದ ಸಂಶೋಧನಾ ವಿದ್ಯಾರ್ಥಿ

ಎರಡನೆಯ ಸಂದೇಹಕ್ಕೆ ನಾನು ಉತ್ತರಿಸುತ್ತೇನೆ. ನೊಣದ ಆಯುಸ್ಸು ಅಲ್ಪವಾಗಿರುವುದೇ ಇಲ್ಲಿ ಅನುಕೂಲ. 25 ಡಿಗ್ರಿ ಉಷ್ಣಾಂಶದಲ್ಲಿ ಮೊಟ್ಟೆಯಿಂದ ನೊಣವಾಗಲು ಸುಮಾರು ಹತ್ತು ದಿನ ಸಾಕು, ಅಲ್ಲಿಂದ ಎರಡು ಮೂರು ತಿಂಗಳಲ್ಲಿ ಅದು ಪೂರ್ಣ ಮುಪ್ಪು ಕಂಡು ಸಾಯುತ್ತದೆ. ನೂರಾರು ನೊಣಗಳ ಸಂಪೂರ್ಣ ಜೀವಿತವನ್ನು ಒಬ್ಬ ವಿದ್ಯಾರ್ಥಿ ಒಂದು ಋತುವಿನಲ್ಲಿ ದಾಖಲಿಸಬಹುದು. ಮುದಿ ನೊಣ ನಿಧಾನವಾಗಿ ಹತ್ತುತ್ತದೆ, ಅದರ ನಿದ್ರೆ ತುಂಡಾಗುತ್ತದೆ, ನೆನಪು ಕುಂದುತ್ತದೆ, ಕರುಳಿನ ತಡೆಗೋಡೆ ಸೋರುತ್ತದೆ. ಈ ಕೊನೆಯದನ್ನು ತಿಳಿಯಲು ನೀಲಿ ಬಣ್ಣದ ಆಹಾರ ತಿನ್ನಿಸುತ್ತಾರೆ: ತಡೆಗೋಡೆ ಗಟ್ಟಿಯಾಗಿದ್ದರೆ ಬಣ್ಣ ಕರುಳಿನಲ್ಲಿಯೇ ಉಳಿಯುತ್ತದೆ, ಸೋರಿದರೆ ಇಡೀ ನೊಣ ನೀಲಿಯಾಗುತ್ತದೆ, ಹಾಗಾದ ನೊಣ ಹೆಚ್ಚು ದಿನ ಬದುಕುವುದಿಲ್ಲ.

ಮುಪ್ಪಿನ ವೇಗವನ್ನು ಜೀನ್‌ಗಳು ನಿಯಂತ್ರಿಸುತ್ತವೆ ಎಂಬುದಕ್ಕೆ ನೊಣ ಕೊಟ್ಟ ಸಾಕ್ಷ್ಯ ಬಲವಾದುದು. ವಯಸ್ಸಾದ ನೊಣಗಳು ಇಟ್ಟ ಮೊಟ್ಟೆಗಳಿಂದ ಮಾತ್ರ ಮುಂದಿನ ಪೀಳಿಗೆಗಳನ್ನು ಬೆಳೆಸುತ್ತಾ ಹೋದರೆ ವಂಶವೇ ದೀರ್ಘಾಯುವಾಗುತ್ತದೆ ಎಂದು ಮೈಕಲ್ ರೋಸ್ 1984ರಲ್ಲಿ ತೋರಿಸಿದರು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಅಮಿತಾಭ್ ಜೋಶಿಯವರು ಬಹುಕಾಲದಿಂದ ಕಾಪಾಡಿಕೊಂಡು ಬಂದಿರುವ ನೊಣಗಳ ಸಮುದಾಯಗಳೂ ಇಂತಹ ವಿಕಾಸಾತ್ಮಕ ಪ್ರಶ್ನೆಗಳಿಗಾಗಿಯೇ ಇವೆ. ಇನ್ಸುಲಿನ್ ಸಂಕೇತದ ಹಾದಿಯಲ್ಲಿರುವ ಚಿಕೋ ಎಂಬ ಜೀನ್ ಕೆಟ್ಟ ಹೆಣ್ಣು ನೊಣಗಳ ಮಧ್ಯಮ ಆಯುಸ್ಸು ಶೇ. 48ರವರೆಗೆ ಹೆಚ್ಚಿತೆಂದು ಲಿಂಡಾ ಪಾರ್ಟ್ರಿಜ್ ಅವರ ತಂಡ 2001ರಲ್ಲಿ ವರದಿ ಮಾಡಿತು. ಅವು ಕುಬ್ಜವಾಗಿದ್ದವು, ಬಂಜೆಯೂ ಆಗಿದ್ದವು. ದೀರ್ಘಾಯುಸ್ಸು ಬಿಟ್ಟಿಯಾಗಿ ಬರಲಿಲ್ಲ.

ಪಾರ್ಕಿನ್ಸನ್‌ಗೂ ಮುಪ್ಪಿಗೂ ಇರುವ ನಂಟು ಹೆಚ್ಚು ನಿಚ್ಚಳವಾಗಿ ಕಾಣುವುದು ರಾಪಮೈಸಿನ್ ಎಂಬ ಔಷಧದ ವಿಷಯದಲ್ಲಿ. ಅಲೆಕ್ಸ್ ವಿಟ್‌ವರ್ತ್ ಅವರ ತಂಡ 2009ರಲ್ಲಿ, ಪಿಂಕ್1 ಅಥವಾ ಪಾರ್ಕಿನ್ ಇಲ್ಲದ ನೊಣಗಳಿಗೆ ಇದನ್ನು ಕೊಟ್ಟಾಗ ಡೋಪಮೈನ್ ನರಕೋಶಗಳ ನಾಶ ತಪ್ಪಿತೆಂದು ಪ್ರಕಟಿಸಿತು. ಮರುವರ್ಷವೇ ಪಾರ್ಟ್ರಿಜ್ ಅವರ ತಂಡ, ಇದೇ ಔಷಧ ಸಾಮಾನ್ಯ ನೊಣಗಳ ಆಯುಸ್ಸನ್ನೂ ಹೆಚ್ಚಿಸುತ್ತದೆ ಎಂದು ತೋರಿಸಿತು. 2013ರಲ್ಲಿ ಲಾಸ್ ಏಂಜಲೀಸ್‌ನ ಡೇವಿಡ್ ವಾಕರ್ ಅವರ ತಂಡ ಎದುರು ದಿಕ್ಕಿನಿಂದ ಬಂದು, ಯಾವ ದೋಷವೂ ಇಲ್ಲದ ಪ್ರೌಢ ನೊಣಗಳಲ್ಲಿ ಪಾರ್ಕಿನ್ ಪ್ರಮಾಣವನ್ನು ಹೆಚ್ಚಿಸಿತು. ಅವು ಹೆಚ್ಚು ಕಾಲ ಬದುಕಿದವು, ಅವುಗಳ ಜೀವಕೋಶಗಳಲ್ಲಿ ವಯಸ್ಸಿನೊಂದಿಗೆ ಕೂಡಿಕೊಳ್ಳುವ ಕೆಟ್ಟ ಪ್ರೋಟೀನ್‌ಗಳ ಗಂಟುಗಳೂ ಕಡಿಮೆಯಾಗಿದ್ದವು. ಕೆಟ್ಟಾಗ ಕಾಯಿಲೆ ತರುವ ಜೀನ್ ಹೆಚ್ಚು ಕೆಲಸ ಮಾಡಿದಾಗ ಮುಪ್ಪನ್ನೇ ಮುಂದೂಡುತ್ತದೆ ಎಂದರೆ, ವಯಸ್ಸು ಈ ಕಾಯಿಲೆಗೆ ಬರಿಯ ಹಿನ್ನೆಲೆಯಲ್ಲ, ಕಾರಣದ ಒಂದು ಭಾಗವೇ ಆಗಿದೆ ಎಂದು ನಾನು ತಿಳಿಯುತ್ತೇನೆ.

ಕರ್ಕ್ಯುಮಿನ್ ವಿಷಯಕ್ಕೂ ಇದೇ ಕಾರಣದಿಂದ ವಯಸ್ಸು ಮುಖ್ಯ. ನಾಗಾಲ್ಯಾಂಡ್ ವಿಶ್ವವಿದ್ಯಾಲಯದ ಪ್ರಯೋಗಾಲಯದಿಂದ 2014ರಲ್ಲಿ ಬಂದ ಅಧ್ಯಯನದಲ್ಲಿ ಪ್ಯಾರಾಕ್ವಾಟ್ ಎಂಬ ಕಳೆನಾಶಕ ತಿನ್ನಿಸಿ ನೊಣಗಳಲ್ಲಿ ಪಾರ್ಕಿನ್ಸನ್ ಹೋಲುವ ಸ್ಥಿತಿ ತರಲಾಗಿತ್ತು. ಸಾವುಗಳು ಇನ್ನೂ ಆರಂಭವಾಗದ ಆರೋಗ್ಯದ ಹಂತದಲ್ಲಿ ಕರ್ಕ್ಯುಮಿನ್ ಅವುಗಳ ಚಲನೆಯನ್ನು ಸುಧಾರಿಸಿತು, ಡೋಪಮೈನ್ ಮಟ್ಟವನ್ನೂ ಮರಳಿಸಿತು. ಸಾವುಗಳು ಆರಂಭವಾದ ಮುಂದಿನ ಹಂತದಲ್ಲಿ ಅದೇ ಕರ್ಕ್ಯುಮಿನ್ ನೆರವಿಗೆ ಬರಲಿಲ್ಲ. ಪಾರ್ಕಿನ್ಸನ್ ಸಾಮಾನ್ಯವಾಗಿ ಮುಪ್ಪಿನಲ್ಲಿ ಬರುವ ಕಾಯಿಲೆಯಾದ್ದರಿಂದ ಎಳೆಯ ನೊಣಗಳಲ್ಲಿ ಮಾತ್ರ ಪರೀಕ್ಷಿಸಿದ ಯಾವ ಪದಾರ್ಥದ ಬಗ್ಗೆಯೂ ತೀರ್ಮಾನಕ್ಕೆ ಬರಬಾರದು. ಸುದ್ದಿಯಾಗಿ ಹರಡುವುದು ಮಾತ್ರ ಮೊದಲರ್ಧ.

ಉತ್ತರ: ನರರೋಗ ವೈದ್ಯೆ, ಹುಬ್ಬಳ್ಳಿ

ಮೇಲಿನವರು ಬರೆದುದಕ್ಕೆ ವೈದ್ಯಳಾಗಿ ಕೆಲವು ಮಾತು ಸೇರಿಸುವುದು ಅಗತ್ಯವೆನಿಸಿತು. ರೋಗಿಗೆ ನಡುಕವೋ ಬಿಗಿತವೋ ಕಾಣಿಸಿಕೊಳ್ಳುವ ಹೊತ್ತಿಗೆ ಡೋಪಮೈನ್ ನರಕೋಶಗಳ ದೊಡ್ಡ ಪಾಲು ಆಗಲೇ ಹಾನಿಗೊಂಡಿರುತ್ತದೆ. ಹಾನಿ ಆರಂಭವಾಗುವ ಮೊದಲೇ, ಇಲ್ಲವೇ ಹಾನಿಯ ಜೊತೆಜೊತೆಗೇ ನೊಣಕ್ಕೆ ಕೊಟ್ಟ ಪದಾರ್ಥ ಅದನ್ನು ಕಾಪಾಡಿದರೆ, ಈಗಾಗಲೇ ಕಾಯಿಲೆ ಬಲಿತಿರುವ ಅರವತ್ತೈದು ವರ್ಷದವರನ್ನೂ ಅದು ಕಾಪಾಡುತ್ತದೆ ಎಂದು ಭಾವಿಸಲಾಗದು. ಅಡುಗೆಯ ಅರಿಶಿನದ ಬಗ್ಗೆ ಆತಂಕ ಬೇಡ, ಆದರೆ ಕರ್ಕ್ಯುಮಿನ್ ಕರುಳಿನಿಂದ ರಕ್ತಕ್ಕೆ ಸೇರುವುದೇ ಬಹಳ ಕಡಿಮೆ. ಹೀರಿಕೆ ಹೆಚ್ಚಿಸಲು ಕಾಳುಮೆಣಸಿನ ಸತ್ವ ಬೆರೆಸಿದ ಮಾತ್ರೆಗಳನ್ನು ವೈದ್ಯರಿಗೆ ತಿಳಿಸದೆ ಸೇವಿಸಬಾರದು, ಏಕೆಂದರೆ ಅವು ಬೇರೆ ಔಷಧಗಳ ಹೀರಿಕೆಯನ್ನೂ ಬದಲಿಸಬಲ್ಲವು.

ಮನೆಮದ್ದಾಗಿ ಕೆಲವರು ಸೂಚಿಸುವ ನಸುಗುನ್ನಿ ಬೀಜದ ವಿಷಯ ಇದಕ್ಕಿಂತ ಗಂಭೀರ. ಮಿದುಳಿನಲ್ಲಿ ಡೋಪಮೈನ್ ಆಗಿ ಬದಲಾಗುವ ಲೆವೊಡೋಪ ಅದರಲ್ಲಿ ನಿಜವಾಗಿಯೂ ಇದೆ, ನಾವು ಮಾತ್ರೆಯಲ್ಲಿ ಕೊಡುವುದೂ ಅದನ್ನೇ. ಮಾತ್ರೆಯ ಜೊತೆಗೆ ಆ ಪುಡಿಯನ್ನೂ ಸೇವಿಸಿದರೆ ಪ್ರಮಾಣ ಹಿಡಿತ ತಪ್ಪಿ, ತಡೆಯಲಾಗದ ಅಂಗಚಲನೆ, ವಾಂತಿ, ಭ್ರಮೆ, ಎದ್ದು ನಿಂತಾಗ ರಕ್ತದೊತ್ತಡ ಕುಸಿತ ಉಂಟಾಗಬಹುದು. ಮನೆಯಲ್ಲಿ ಯಾರಾದರೂ ಇದನ್ನು ಸೂಚಿಸಿದ್ದರೆ ದಯವಿಟ್ಟು ಚಿಕಿತ್ಸೆ ಮಾಡುತ್ತಿರುವವರಿಗೆ ಹೇಳಿ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಹೃತ್ಪೂರ್ವಕ ವಂದನೆಗಳು. ಮಾತ್ರೆಗಳ ವಿಷಯವನ್ನು ಇಂದೇ ಮನೆಯಲ್ಲಿ ತಿಳಿಸುತ್ತೇನೆ. ಇನ್ನೆರಡು ಸಂದೇಹಗಳಿವೆ. ಮಾವನಿಗೆ ಕಾಯಿಲೆಯಿರುವುದರಿಂದ ಮನೆಯ ಕಿರಿಯರು ಈ ಜೀನ್‌ಗಳನ್ನು ಪರೀಕ್ಷಿಸಿಕೊಳ್ಳಬೇಕೇ? ನೊಣದಲ್ಲಿ ಇನ್ನೂ ಬಗೆಹರಿಯದೆ ಉಳಿದಿರುವ ವಿಷಯ ಯಾವುದು? ವಿಚಾರಗೋಷ್ಠಿಯಲ್ಲಿ ಎಲ್ಲವೂ ಇತ್ಯರ್ಥವಾಗಿದೆ ಎಂಬ ಭಾವನೆ ಮೂಡಬಾರದೆಂಬುದು ನನ್ನ ಆಸೆ. ಸಾಧ್ಯವಾದರೆ ನಮ್ಮ ಕಾಲೇಜಿನಲ್ಲಿ ಮಾಡಬಹುದಾದ ಪ್ರಯೋಗವೊಂದನ್ನೂ ಸೂಚಿಸಿ.

ಉತ್ತರ: ನರರೋಗ ವೈದ್ಯೆ, ಹುಬ್ಬಳ್ಳಿ

ಜೀನ್ ಪರೀಕ್ಷೆಯ ಬಗ್ಗೆ ಮಾತ್ರ ನಾನು ಹೇಳುತ್ತೇನೆ. ಬಹುಪಾಲು ರೋಗಿಗಳಲ್ಲಿ ಒಂದೇ ಜೀನನ್ನು ಬೊಟ್ಟುಮಾಡಿ ಕಾರಣವೆನ್ನಲಾಗದು. ಪಾರ್ಕಿನ್ ಮತ್ತು ಪಿಂಕ್1 ದೋಷಗಳು ತಂದೆ ತಾಯಿ ಇಬ್ಬರಿಂದಲೂ ಬಂದಾಗ ಮಾತ್ರ ಈ ಕಾಯಿಲೆ ತರುವಂಥವು, ಕಾಯಿಲೆಯೂ ಸಾಮಾನ್ಯವಾಗಿ ಎಳೆಯ ವಯಸ್ಸಿನಲ್ಲಿಯೇ ಆರಂಭವಾಗುತ್ತದೆ. ಪಾಶ್ಚಾತ್ಯ ಬರಹಗಳಲ್ಲಿ ಪದೇ ಪದೇ ಬರುವ ಎಲ್‌ಆರ್‌ಆರ್‌ಕೆ2 ಜೀನಿನ ಪ್ರಸಿದ್ಧ ರೂಪಾಂತರ ಭಾರತದ ರೋಗಿಗಳಲ್ಲಿ ಅಪರೂಪ. ಮಾವನವರಿಗೆ ಕಾಯಿಲೆ ಇಳಿವಯಸ್ಸಿನಲ್ಲಿ ಬಂದಿದ್ದು, ಕುಟುಂಬದಲ್ಲಿ ಬೇರೆ ಯಾರಿಗೂ ಇಲ್ಲದಿದ್ದರೆ ಆರೋಗ್ಯವಾಗಿರುವ ಕಿರಿಯರಿಗೆ ಪರೀಕ್ಷೆಯನ್ನು ನಾನು ಸಲಹೆ ಮಾಡುವುದಿಲ್ಲ. ನಲವತ್ತರೊಳಗೆ ಆರಂಭವಾಗಿದ್ದರೆ, ಇಲ್ಲವೇ ರಕ್ತಸಂಬಂಧದ ಮದುವೆಗಳಿದ್ದು ಒಂದಕ್ಕಿಂತ ಹೆಚ್ಚು ಮಂದಿಗೆ ಬಂದಿದ್ದರೆ, ತಳಿ ಸಮಾಲೋಚಕರ ಜೊತೆ ಮಾತನಾಡಿ ಮೊದಲು ರೋಗಿಯನ್ನೇ ಪರೀಕ್ಷಿಸಬೇಕು.

ಉತ್ತರ: ನೊಣಗಳ ತಳಿವಿಜ್ಞಾನದಲ್ಲಿ ಸಂಶೋಧಕಿ, ಬೆಂಗಳೂರು

ಬಗೆಹರಿಯದ ವಿಷಯಗಳಲ್ಲಿ ನನ್ನನ್ನು ಹೆಚ್ಚು ಕಾಡುವುದು ಇದು. ಪಿಂಕ್1 ಮತ್ತು ಪಾರ್ಕಿನ್ ಹಾನಿಗೊಂಡ ಮೈಟೊಕಾಂಡ್ರಿಯಗಳನ್ನು ವಿಲೇವಾರಿ ಮಾಡಿಸುತ್ತವೆ ಎಂಬುದು ಮುಖ್ಯವಾಗಿ ಪಾತ್ರೆಯಲ್ಲಿ ಬೆಳೆಸಿದ ಜೀವಕೋಶಗಳಿಗೆ ವಿಷ ಉಣಿಸಿ ಕಂಡುಕೊಂಡದ್ದು. ಜೀವಂತ ನೊಣದಲ್ಲಿ ದಿನನಿತ್ಯವೂ ಇವು ಅದೇ ಕೆಲಸ ಮಾಡುತ್ತವೆಯೇ? 2018ರಲ್ಲಿ ಎರಡು ಅಧ್ಯಯನಗಳು ಬಂದವು. ವಿಟ್‌ವರ್ತ್ ಅವರ ತಂಡ, ಈ ಜೀನ್‌ಗಳು ಇಲ್ಲದಿದ್ದರೂ ನೊಣದಲ್ಲಿ ಮೈಟೊಕಾಂಡ್ರಿಯಗಳ ಸಾಮಾನ್ಯ ವಿಲೇವಾರಿ ಹೆಚ್ಚುಕಡಿಮೆ ನಡೆದೇ ಇರುತ್ತದೆ ಎಂದಿತು. ಬೆಲ್ಜಿಯಂನ ತಂಡ, ವಯಸ್ಸಿನೊಂದಿಗೆ ಹೆಚ್ಚಬೇಕಾದ ವಿಲೇವಾರಿ ಈ ಜೀನ್‌ಗಳಿಲ್ಲದಾಗ ಹೆಚ್ಚುವುದಿಲ್ಲ ಎಂದಿತು. ಎರಡು ತಂಡಗಳೂ ನೊಣವನ್ನೇ ಬಳಸಿದ್ದವು, ಮೈಟೊಕಾಂಡ್ರಿಯ ಆಮ್ಲೀಯ ಪರಿಸರಕ್ಕೆ ಸೇರಿದಾಗ ಬಣ್ಣ ಬದಲಿಸುವ ಸೂಚಕಗಳನ್ನೇ ನೆಚ್ಚಿದ್ದವು. ವಿದ್ಯಾರ್ಥಿಗಳು ಈ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಲಿ: ಯಾವ ಅಂಗಾಂಶ, ಯಾವ ವಯಸ್ಸು ಎಂದು ನೋಡುತ್ತಾ ಹೋದರೆ ವ್ಯತ್ಯಾಸ ಎಲ್ಲಿ ಹುಟ್ಟಬಹುದೆಂಬುದು ಕಾಣತೊಡಗುತ್ತದೆ. ಅದರ ಜೊತೆಗೆ, ಈ ಎರಡು ಜೀನ್‌ಗಳಿಲ್ಲದ ನೊಣದಲ್ಲಿ ಹೆಚ್ಚು ಹಾನಿಯಾಗುವುದು ಹಾರುವ ಸ್ನಾಯುವಿಗೆ, ಡೋಪಮೈನ್ ನರಕೋಶಗಳ ನಷ್ಟ ಸಣ್ಣದು, ಕೆಲವು ತಂಡಗಳಿಗೆ ಅದು ಕಂಡೇ ಇಲ್ಲ ಎಂಬುದನ್ನೂ ಗೋಷ್ಠಿಯಲ್ಲಿ ಮುಚ್ಚಿಡದೆ ಹೇಳಬೇಕು. ಸ್ನಾಯುವಿಗೂ ಆ ನರಕೋಶಗಳಿಗೂ ಅಪಾರ ಶಕ್ತಿ ಬೇಕೆಂಬ ಸಾಮ್ಯ ಇದನ್ನು ಸ್ವಲ್ಪಮಟ್ಟಿಗೆ ವಿವರಿಸುತ್ತದೆ, ಪೂರ್ತಿಯಾಗಿ ಅಲ್ಲ.

ಪ್ರಯೋಗಕ್ಕೆ ದೂರ ಹೋಗಬೇಕಿಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿ, ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದ ಡ್ರೊಸೊಫಿಲಾ (ಹಣ್ಣುನೊಣ) ತಳಿ ಸಂಗ್ರಹ ಕೇಂದ್ರವಿದೆ. ಒರೆಗಾನ್-ಕೆ, ಕ್ಯಾಂಟನ್-ಎಸ್ ಮೊದಲಾದ ಸಾಮಾನ್ಯ ತಳಿಗಳಿಗಾಗಿ ಕಾಲೇಜಿನ ಪತ್ರದೊಂದಿಗೆ ಅವರನ್ನು ವಿಚಾರಿಸಿ. ಗೋಧಿ ರವೆ, ಬೆಲ್ಲ, ಅಗರ್ ಬೇಯಿಸಿ, ಬೂಸ್ಟು ಬಾರದಂತೆ ಪ್ರೊಪಿಯಾನಿಕ್ ಆಮ್ಲ ಸೇರಿಸಿದರೆ ಆಹಾರ ಸಿದ್ಧ. ಒಂದೇ ತಳಿಯ ಎಳೆಯ ಮತ್ತು ಮುದಿ ನೊಣಗಳ ಹತ್ತುವ ಶಕ್ತಿಯನ್ನು ಹೋಲಿಸಿ: ಉದ್ದನೆಯ ಗಾಜಿನ ನಳಿಕೆಯಲ್ಲಿ ಹತ್ತಿಪ್ಪತ್ತು ನೊಣಗಳನ್ನಿಟ್ಟು, ತಟ್ಟಿ ತಳಕ್ಕೆ ಬೀಳಿಸಿ, ಗೊತ್ತಾದ ಸೆಕೆಂಡುಗಳಲ್ಲಿ ಗುರುತಿನ ಗೆರೆ ದಾಟಿದವನ್ನು ಎಣಿಸಿ. ಗಂಡು ಹೆಣ್ಣುಗಳನ್ನು ಬೇರೆಯಾಗಿಡಬೇಕು. ಎರಡೂ ಗುಂಪುಗಳಿಗೆ ಒಂದೇ ಬಾರಿಗೆ ಬೇಯಿಸಿದ ಆಹಾರವಿರಲಿ, ಏಕೆಂದರೆ ಬೆಲ್ಲ ಮತ್ತು ರವೆಯ ಪ್ರಮಾಣ ಬದಲಾದರೂ ಆಯುಸ್ಸು ಬದಲಾಗುತ್ತದೆ. ಕೋಣೆಯ ಉಷ್ಣಾಂಶ ಮತ್ತು ದಿನದ ಹೊತ್ತು ಪ್ರತಿ ಸಲವೂ ಒಂದೇ ಆಗಿರಲಿ, ಎಣಿಸುವವರಿಗೆ ಯಾವ ನಳಿಕೆಯಲ್ಲಿ ಯಾವ ವಯಸ್ಸಿನವು ಇವೆಯೆಂದು ತಿಳಿಯದಿರಲಿ. ಬೇರ್ಪಡಿಸಲು ಈಥರ್ ಅಥವಾ ಇಂಗಾಲದ ಡೈಆಕ್ಸೈಡ್ ಬಳಸಿದ್ದರೆ ಕನಿಷ್ಠ ಒಂದು ದಿನ ಬಿಟ್ಟು ಆಮೇಲೆ ಎಣಿಸಬೇಕು, ಇಲ್ಲವಾದರೆ ನೀವು ಅಳೆಯುವುದು ಮುಪ್ಪನ್ನಲ್ಲ, ಅರಿವಳಿಕೆಯ ಮಂಪರನ್ನು.